ನಾನು ಮುಚ್ಚಿದ ನಲ್ಲಿ

ಒಂಬತ್ತನೆಯ ತರಗತಿಯಲ್ಲಿ ನನ್ನ ಬಳಿ ವಿಜ್ಞಾನ ಕಲಿತವರಿಗೆ ಒಂದು ಪಾಠ ನೆನಪಿರಬಹುದು. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ. ಶೀತದೇಶಗಳಲ್ಲಿ ಕೊಳವೆಯೊಳಗಿನ ಮಂಜುಗಡ್ಡೆ ಅದರ ಗೋಡೆಯನ್ನು ಒತ್ತಿ ಸೀಳಿಬಿಡುತ್ತದೆ. ಕರಿಹಲಗೆಯ ಮೇಲೆ ಚಿತ್ರ ಬರೆದು ಮೂವತ್ತು ವರ್ಷ ಹೀಗೆಯೇ ಹೇಳಿದೆ. ಅದರಲ್ಲಿ ಮೊದಲರ್ಧ ಸರಿ. ಉಳಿದರ್ಧವನ್ನು ಇಂದು ತಿದ್ದಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಮಿನ್ನೆಸೋಟಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ನವೆಂಬರ್ ಆರಂಭದಲ್ಲಿ ಅಳಿಯಂದಿರು ತಮ್ಮ ಸ್ನೇಹಿತರಿಂದ ಎರವಲು ತಂದ ಮೋಟಾರ್‌ಹೋಮಿನಲ್ಲಿ, ಅಂದರೆ ಅಡುಗೆಮನೆ, ಬಚ್ಚಲು, ಹಾಸಿಗೆಗಳನ್ನು ಹೊತ್ತು ಓಡುವ ವಾಹನದಲ್ಲಿ, ನಮ್ಮನ್ನು ಸುಪೀರಿಯರ್ ಸರೋವರದ ದಡಕ್ಕೆ ಕರೆದೊಯ್ದರು. ರಾತ್ರಿ ಶೈತ್ಯ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿಯಿತು. ಅಳಿಯಂದಿರು ಅಡುಗೆಮನೆಯ ನಲ್ಲಿಯನ್ನು ತೊಟ್ಟಿಕ್ಕುವಂತೆ ಬಿಟ್ಟು ಮಲಗಿದ್ದರು. ಬೀದಿ ನಲ್ಲಿಯ ಮುಂದೆ ಎರಡು ಕೊಡ ನೀರಿಗಾಗಿ ಸಾಲುಗಟ್ಟಿ ನಿಂತು ಬೆಳೆದ ಬಯಲುಸೀಮೆಯವನು ನಾನು. ಆ ಟಪ್ ಟಪ್ ಸದ್ದು ಕೇಳುತ್ತ ನಿದ್ರಿಸುವುದಾಗಲಿಲ್ಲ. ಎದ್ದು ಬಿಗಿಯಾಗಿ ತಿರುಗಿಸಿ ಬಂದೆ.

ಮರುದಿನ ಬಿಸಿಲೇರಿದ ಮೇಲೆ ಬೀರುವಿನ ಒಳಗಿನಿಂದ ನೀರು ಹರಿಯತೊಡಗಿತು. "ಮಾವ, ರಾತ್ರಿ ನಲ್ಲಿ ನಿಲ್ಲಿಸಿದಿರಾ?" ಎಂದಷ್ಟೇ ಅಳಿಯಂದಿರು ಕೇಳಿದರು. ಅವರು ಇನ್ನೇನಾದರೂ ಅಂದಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು. ವಿಚಿತ್ರವೆಂದರೆ, ಹೆಪ್ಪುಗಟ್ಟಿದ್ದು ಹೊರಗೋಡೆಯ ಮಗ್ಗುಲಿನ ಕೊಳವೆ. ಒಡೆದಿದ್ದು ಅಲ್ಲಲ್ಲ, ಬೆಚ್ಚಗಿದ್ದ ನಲ್ಲಿಯ ಬುಡದ ಪ್ಲಾಸ್ಟಿಕ್ ಜೋಡಣೆ. ನನ್ನ ಕರಿಹಲಗೆಯ ಚಿತ್ರದ ಪ್ರಕಾರ ಹಾಗಾಗಬಾರದಿತ್ತು.

ಊರಿಗೆ ಮರಳಿದ ಮೇಲೆ ಇದರ ಚರಿತ್ರೆಯನ್ನು ಹುಡುಕಿ ಓದಿದೆ. ಫ್ಲಾರೆನ್ಸಿನಲ್ಲಿ 1657ರಲ್ಲಿ ಆರಂಭವಾದ 'ಅಕಾಡೆಮಿಯಾ ಡೆಲ್ ಚಿಮೆಂಟೊ' ಎಂಬ ವಿದ್ವನ್ಮಂಡಲಿಯವರು ಲೋಹದ ಪಾತ್ರೆಗಳಲ್ಲಿ ನೀರು ತುಂಬಿ, ಬಾಯಿ ಬಿಗಿದು, ಹೆಪ್ಪುಗಟ್ಟಿಸಿ ಒಡೆದು ನೋಡಿದ್ದರು. ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್ 1667ರಲ್ಲಿ ಫಿರಂಗಿಯ ನಳಿಗೆಯನ್ನೇ ಹೀಗೆ ಸೀಳಿಸಿದನು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಕ್ವಿಬೆಕ್ಕಿನ ಪ್ರಯೋಗ. 1784-85ರ ಚಳಿಗಾಲದಲ್ಲಿ ಅಲ್ಲಿದ್ದ ಬ್ರಿಟಿಷ್ ಫಿರಂಗಿದಳದ ಎಡ್ವರ್ಡ್ ವಿಲಿಯಮ್ಸ್ ಎಂಬ ಅಧಿಕಾರಿ ಟೊಳ್ಳಾದ ಕಬ್ಬಿಣದ ಗುಂಡುಗಳಿಗೆ ನೀರು ತುಂಬಿ, ತೂತಿಗೆ ಕಬ್ಬಿಣದ ಬಿರಡೆ ಜಡಿದು ಬಯಲಿನಲ್ಲಿಟ್ಟನು. ಒಂದು ಬಿರಡೆ ನಾನೂರಕ್ಕೂ ಹೆಚ್ಚು ಅಡಿ ದೂರ ಹಾರಿಬಿತ್ತು, ಗುಂಡಿಗೆ ಏನೂ ಆಗಲಿಲ್ಲ. ಬಿರಡೆ ಕದಲದಂತೆ ಭದ್ರಪಡಿಸಿದಾಗ ಗುಂಡೇ ಬಿರಿಯಿತು. ದಾರಿ ಸಿಕ್ಕರೆ ನೀರು ಹೊರಹೋಗುತ್ತದೆ. ದಾರಿ ಮುಚ್ಚಿದರೆ ಕಬ್ಬಿಣವನ್ನೂ ಬಿಡುವುದಿಲ್ಲ. ನಾನು ಆ ರಾತ್ರಿ ಮಾಡಿದ್ದು ಬಿರಡೆಯನ್ನು ಭದ್ರಪಡಿಸುವ ಕೆಲಸವನ್ನೇ.

ಕೊಳವೆಗಳ ವಿಚಾರದಲ್ಲಿ ಇದನ್ನು ಸ್ಪಷ್ಟವಾಗಿ ಅಳೆದು ತೋರಿಸಿದ್ದು ಬಹಳ ತಡವಾಗಿ, 1996ರ ಇಲಿನಾಯ್ ವಿಶ್ವವಿದ್ಯಾಲಯದ ಒಂದು ಅಧ್ಯಯನ. ಗಡ್ಡೆ ಗೋಡೆಯನ್ನು ಒತ್ತುವುದರಿಂದ ಕೊಳವೆ ಸಾಮಾನ್ಯವಾಗಿ ಒಡೆಯುವುದಿಲ್ಲ. ಗಡ್ಡೆಯು ಬೆಳೆಯುತ್ತ, ಮುಚ್ಚಿದ ನಲ್ಲಿಗೂ ತನಗೂ ನಡುವೆ ಸಿಕ್ಕಿಬಿದ್ದ ನೀರನ್ನು ಹಿಂಡುತ್ತದೆ. ಆ ಒತ್ತಡವೇ ದುರ್ಬಲವಾದ ಕಡೆ ಒಡೆದುಕೊಂಡು ಬರುತ್ತದೆ. ಅದಕ್ಕೇ ತೊಟ್ಟಿಕ್ಕುವ ನಲ್ಲಿ.

ಅಲ್ಲಿನ ಊರುಗಳಲ್ಲಿ ಕೊಳವೆಗಳನ್ನು ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಹೂಳುತ್ತಾರೆ. ಚಕ್ರದ ಮೇಲಿನ ಮನೆಗೆ ಆ ಭಾಗ್ಯವಿಲ್ಲ; ಅಡಿಯಲ್ಲಿ ಗಾಳಿ ಬೀಸುತ್ತಲೇ ಇರುತ್ತದೆ. 1910ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿತವಾದ ಪಿಯರ್ಸ್-ಆ್ಯರೋ ಕಾರಿನಲ್ಲಿ ಕೈತೊಳೆಯುವ ಮಡಿಸುವ ಬೋಗುಣಿಯೊಂದಿತ್ತಂತೆ. 1966ರಲ್ಲಿ, ಚಳಿಗೆ ಹೆಸರಾದ ಅಯೋವಾದಲ್ಲಿ ವಿನ್ನೆಬಾಗೊ ಕಂಪನಿ ಮೋಟಾರ್‌ಹೋಮ್ ತಯಾರಿಸತೊಡಗಿದಾಗ, ಅವುಗಳಲ್ಲಿ ತೊಟ್ಟಿ, ಪಂಪು, ಕೊಳವೆಗಳೆಲ್ಲ ಸೇರಿದ್ದವು. ಆದುದರಿಂದ ಚಳಿಗಾಲಕ್ಕೆ ಮುಂಚೆ ನೀರನ್ನೆಲ್ಲ ಬಸಿದು, ಬಿಸಿನೀರಿನ ಹಂಡೆಯನ್ನು ಖಾಲಿಮಾಡಿ, ಕೊಳವೆಗಳಿಗೆ ಗುಲಾಬಿ ಬಣ್ಣದ ದ್ರವ ತುಂಬುತ್ತಾರೆ. ಅದರಲ್ಲಿರುವುದು ಪ್ರೊಪಿಲೀನ್ ಗ್ಲೈಕಾಲ್. ಕಾರಿನ ಎಂಜಿನ್‌ಗೆ ಹಾಕುವ ಎಥಿಲೀನ್ ಗ್ಲೈಕಾಲ್ ಅದರ ದಾಯಾದಿಯೇ. ಎರಡನ್ನೂ ಮೊದಲು ತಯಾರಿಸಿದವನು ಫ್ರಾನ್ಸಿನ ರಸಾಯನ ವಿಜ್ಞಾನಿ ವುರ್ಟ್ಸ್, 1850ರ ದಶಕದಲ್ಲಿ. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಕುಡಿಯುವ ನೀರಿನ ಕೊಳವೆಗೆ ಅದನ್ನು ಹಾಕಲೇಬಾರದು. ಆ ನಾಡುಗಳಲ್ಲಿ ನೆಲೆಸಿರುವ ನನ್ನ ಶಿಷ್ಯರು ಇದೊಂದನ್ನು ಮರೆಯಬೇಡಿ.

ನಿಮ್ಮಲ್ಲಿ ಕೆಲವರು ಈಗ ಮೇಷ್ಟರಾಗಿದ್ದೀರಿ. ಚಿತ್ರದಲ್ಲಿ ಬಾಣದ ಗುರುತನ್ನು ಗೋಡೆಯ ಕಡೆಗಲ್ಲ, ನಲ್ಲಿಯ ಕಡೆಗೆ ಬರೆಯಿರಿ.

ಒಡೆದ ಜೋಡಣೆಯನ್ನು ಅಳಿಯಂದಿರು ಅಂದೇ ಬದಲಿಸಿದರು; ಸ್ನೇಹಿತರಿಗೆ ನಾನೇ ಫೋನಿನಲ್ಲಿ ತಪ್ಪೊಪ್ಪಿಕೊಂಡೆ. ಆ ರಾತ್ರಿ ಮತ್ತೆ ನಲ್ಲಿ ತೊಟ್ಟಿಕ್ಕುತ್ತಿತ್ತು. ಮಗಳು ಅದರ ಕೆಳಗೊಂದು ಪಾತ್ರೆಯಿಟ್ಟಳು. ಬೆಳಗಿನ ಕಾಫಿ ಅದೇ ನೀರಿನಲ್ಲಾಯಿತು.