ಎಂಜಿನ್ ಕೆಳಗಿನ ರಬ್ಬರ್‌ಗೂ ಸರ್ ಎಂ.ವಿ.ಗೂ ಏನು ಸಂಬಂಧ?

ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದ ಪ್ರವಾಸಿಗರನ್ನು ಬೇಲೂರು, ಹಳೇಬೀಡಿಗೆ ಕರೆದೊಯ್ಯುತ್ತಿದ್ದ ಟ್ಯಾಕ್ಸಿ ಯಾವುದು ಅಂತ ಐವತ್ತು ದಾಟಿದವರನ್ನು ಕೇಳಿ ನೋಡಿ. ಅಂಬಾಸಿಡರ್, ಇಲ್ಲವೇ ಫಿಯೆಟ್ ಅನ್ನುತ್ತಾರೆ. ನಮ್ಮ ದೊಡ್ಡಪ್ಪನದು ಫಿಯೆಟ್, ಅಂದರೆ ಪ್ರೀಮಿಯರ್ ಪದ್ಮಿನಿ. ಬಾಣಾವರ, ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ 16 ಕಿಲೋಮೀಟರ್ ಬೇಲೂರು. ಆ ರಸ್ತೆಯ ಗುಂಡಿಗಳೆಲ್ಲ ಅವರಿಗೆ ಹೆಸರು ಹಿಡಿದು ಗೊತ್ತು. ಬಾಡಿಗೆ ಬಿಟ್ಟು ಎಷ್ಟೋ ವರ್ಷವಾಯಿತು. ಕಾರು ಮಾತ್ರ ಎಫ್‌ಸಿ ಮಾಡಿಸಿಕೊಂಡು ಹಿತ್ತಲ ಹುಣಸೆ ಮರದ ಕೆಳಗೆ ನಿಂತಿದೆ. ಸಂತೆಗೆ, ಮದುವೆಗೆ, ರಾತ್ರಿ ಹೊತ್ತು ಯಾರಿಗಾದರೂ ಹುಷಾರಿಲ್ಲ ಅಂದರೆ ಆಸ್ಪತ್ರೆಗೆ ಅದೇ ಹೋಗಬೇಕು.

ಈ ಸಲ ಅದಕ್ಕೆ ನಡುಕ ಹಿಡಿದಿತ್ತು. ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ರಾಗಿ ಮಿಷನ್ ಪಕ್ಕ ಕೂತ ಹಾಗೆ. ಗಾಜು ಗಡಗಡ, ಗೇರ್ ಹಾಕುವಾಗ ಕೆಳಗೆಲ್ಲೋ ದಢ್ ಅಂತ ಏಟು. ಪೇಟೆಯ ಗ್ಯಾರೇಜಿನವನೊಬ್ಬ ಎಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು ಅಂದ. ಅವನು ಹೇಳಿದ ಖರ್ಚು ಕೇಳಿ ಮನೆಯವರೆಲ್ಲ ಮಾರಿಬಿಡಿ ಅಂದರು. ಗುಜರಿಯವನೂ ಬಂದು ಬೆಲೆ ಕಟ್ಟಿ ಹೋದ.

"ಎಂಜಿನ್ ಹೋಗಿಲ್ಲ ಕಣ್ಲಾ, ಫೌಂಡೇಷನ್ ಹೋಗೈತೆ" ಅಂದರು ದೊಡ್ಡಪ್ಪ.

ನಮ್ಮ ಕಡೆ ಮೆಕ್ಯಾನಿಕ್‌ಗಳು ಎಂಜಿನ್ ಮೌಂಟಿಂಗ್‌ಗೆ ಫೌಂಡೇಷನ್ ಅನ್ನುತ್ತಾರೆ. ಎರಡು ಕಬ್ಬಿಣದ ಪಟ್ಟಿ, ನಡುವೆ ಅಂಟಿಸಿದ ಗಟ್ಟಿ ರಬ್ಬರ್, ಎರಡು ಬೋಲ್ಟ್. ಇಷ್ಟೇ. ಹಿಂದಿನ ಚಕ್ರಕ್ಕೆ ಎಳೆತ ಇರುವ ಹಳೇ ಕಾರುಗಳಲ್ಲಿ ಸಾಮಾನ್ಯವಾಗಿ ಎಂಜಿನ್ನಿನ ಎಡಬಲಕ್ಕೆ ಒಂದೊಂದು, ಗೇರ್‌ಬಾಕ್ಸ್ ಕೆಳಗೆ ಒಂದು ಇರುತ್ತದೆ. ಇಡೀ ಎಂಜಿನ್ ಕೂತಿರುವುದು ಇವುಗಳ ಮೇಲೆ.

ಕಾರು ಹುಟ್ಟಿದ ಕಾಲದಲ್ಲಿ ಇದು ಇರಲೇ ಇಲ್ಲ. ಎಂಜಿನ್ನನ್ನು ಸೀದಾ ಚಾಸಿಗೆ ಬೋಲ್ಟ್ ಹಾಕಿ ಬಿಗಿಯುತ್ತಿದ್ದರು. ನಾಲ್ಕು ಸಿಲಿಂಡರ್ ಎಂಜಿನ್‌ಗೆ ಹುಟ್ಟುಗುಣವೇ ನಡುಕ. ಆ ನಡುಕವೆಲ್ಲ ಸೀಟಿಗೆ, ಸ್ಟೇರಿಂಗ್‌ಗೆ, ಕೂತವರ ಸೊಂಟಕ್ಕೆ. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಪ್ಲೈಮೌತ್ ಕಾರಿನಲ್ಲಿ ಎಂಜಿನ್ನನ್ನು ರಬ್ಬರ್ ಮೇಲೆ ತೂಗುಹಾಕಿದ ಹಾಗೆ ಕೂರಿಸಿತು. 'ಫ್ಲೋಟಿಂಗ್ ಪವರ್' ಅಂತ ಹೆಸರಿಟ್ಟಿತು, ತೇಲುವ ಶಕ್ತಿ ಅಂತ. ರಬ್ಬರ್ ಹಾಕಿದ್ದಷ್ಟೇ ಅಲ್ಲ, ಎಂಜಿನ್ ತನ್ನ ಭಾರದ ನಡುವಿನ ಗೆರೆಯ ಮೇಲೆ ತೊಟ್ಟಿಲ ಹಾಗೆ ಅಲ್ಲೇ ಓಲಾಡಲಿ, ಆ ಓಲಾಟ ಚಾಸಿಗೆ ಇಳಿಯದಿರಲಿ ಅನ್ನುವ ಲೆಕ್ಕಾಚಾರ ಅದರಲ್ಲಿತ್ತು. ಫ್ರಾನ್ಸಿನ ಸಿಟ್ರೊಯೆನ್ ದುಡ್ಡು ಕೊಟ್ಟು ಆ ವಿದ್ಯೆಯ ಹಕ್ಕು ತಂದು, ತೇಲುವ ಹಂಸದ ಚಿತ್ರ ಹಾಕಿ ಕಾರು ಮಾರಿತು.

ಇನ್ನು ಸರ್ ಎಂ. ವಿಶ್ವೇಶ್ವರಯ್ಯನವರ ವಿಷಯ. ದಿವಾನಗಿರಿ ಬಿಟ್ಟು ಬಹಳ ವರ್ಷವಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ ಅವರು ಯುರೋಪು, ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿಕೊಂಡು ಬಂದರು. ಭಾರತದಲ್ಲೇ ಕಾರು ಮಾಡಬೇಕು ಅಂತ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಮೊದಲು ಬೊಂಬಾಯಿ ಅಂದುಕೊಂಡಿದ್ದರು. ಅಲ್ಲಿನ ಕಾಂಗ್ರೆಸ್ ಸರ್ಕಾರ 1939ರಲ್ಲಿ ರಾಜೀನಾಮೆ ಕೊಟ್ಟ ಮೇಲೆ ಕಣ್ಣು ಬೆಂಗಳೂರಿನ ಕಡೆ ತಿರುಗಿತು. ಮೈಸೂರು ಸರ್ಕಾರ ನೆರವಿಗೆ ಮುಂದಾಯಿತು. ತಂತ್ರಜ್ಞಾನಕ್ಕೆ ಕ್ರೈಸ್ಲರ್ ಕಂಪನಿ ಒಪ್ಪಿತು. ಹೌದು, ಆ ರಬ್ಬರ್‌ನ ಕ್ರೈಸ್ಲರ್ರೇ.

ಬ್ರಿಟಿಷ್ ಸರ್ಕಾರ ಅಡ್ಡ ನಿಂತಿತು. ಯುದ್ಧದ ಕಾಲಕ್ಕೆ ಬೇಕಾದ ಕೈಗಾರಿಕೆ ಇದಲ್ಲ ಎನ್ನುವುದು ಅದರ ವಾದ. ತಮಾಷೆ ನೋಡಿ, ಅದೇ ವಾಲ್‌ಚಂದ್ ಅದೇ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು. ಇವತ್ತಿನ ಎಚ್‌ಎಎಲ್ ಅದು. ವಿಮಾನ ಆಗಬಹುದಿತ್ತು, ಕಾರು ಆಗಬಾರದಿತ್ತು!

ಕೊನೆಗೆ 1944ರಲ್ಲಿ ವಾಲ್‌ಚಂದ್ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದರು. ಕುರ್ಲಾದ ಕಾರ್ಖಾನೆಯಲ್ಲಿ ಮೊದಲು ಕ್ರೈಸ್ಲರ್‌ನ ಡಾಡ್ಜ್, ಪ್ಲೈಮೌತ್ ಜೋಡಿಸಿದರು, ಆಮೇಲೆ ಇಟಲಿಯ ಫಿಯೆಟ್. ಆ ಫಿಯೆಟ್ 1100 ಕಾರೇ ಮುಂದೆ ಪದ್ಮಿನಿ ಆಯಿತು. ಹಾಗಾಗಿ ದೊಡ್ಡಪ್ಪನ ಕಾರಿನ ರಬ್ಬರ್ ಕ್ರೈಸ್ಲರ್‌ದು ಅಂತ ನಾನು ಹೇಳುತ್ತಿಲ್ಲ. ಅಷ್ಟು ಹೊತ್ತಿಗೆ ರಬ್ಬರ್ ಮೇಲೆ ಎಂಜಿನ್ ಕೂರಿಸುವುದು ಎಲ್ಲ ಕಂಪನಿಗಳ ವಾಡಿಕೆಯಾಗಿತ್ತು. ಆದರೆ ಬೆಂಗಳೂರಿನಲ್ಲಿ ಹುಟ್ಟಬೇಕಿದ್ದ ಕಾರಿನ ವಂಶವೇ ಈ ಪದ್ಮಿನಿ, ಅಷ್ಟು ಖಂಡಿತ.

ಹುಣಸೆ ಮರದ ಕೆಳಗೆ ಆ ಭಾನುವಾರ ಏನಾಯಿತು ಅಂದರೆ, ಮೊದಲು ಪ್ಲಗ್ ನೋಡಿದೆವು. ಒಂದು ಸಿಲಿಂಡರ್ ಹೊಡೆಯದಿದ್ದರೂ ಕಾರು ನಡುಗುತ್ತದೆ. ಪ್ಲಗ್ ಚೆನ್ನಾಗಿತ್ತು. ಬಾನೆಟ್ ತೆಗೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಎಕ್ಸಲರೇಟರ್ ಒತ್ತಿದರೆ ಎಂಜಿನ್ ಒಂದು ಪಕ್ಕಕ್ಕೆ ಎದ್ದು ದೊಪ್ಪನೆ ಕೂತಿತು. ಒಂದು ಕಡೆ ರಬ್ಬರ್ ಕಬ್ಬಿಣದಿಂದ ಬಿಟ್ಟುಕೊಂಡಿತ್ತು. ಇನ್ನೊಂದು ಕಡೆ ಆಯಿಲ್ ಸೋರಿ ಸೋರಿ ರಬ್ಬರ್ ನೆನೆದ ಅವಲಕ್ಕಿಯ ಹಾಗೆ ಉಬ್ಬಿತ್ತು. ಪಾಪದ ಪಾಲು ನಮ್ಮದೂ ಇದೆ. ಪ್ರತಿ ಆಯುಧಪೂಜೆಗೆ ಎಂಜಿನ್ನಿಗೆ ಸೀಮೆಎಣ್ಣೆ ಹೊಡೆದು ತೊಳೆಯುತ್ತಿದ್ದವರು ನಾವೇ. ಸೀಮೆಎಣ್ಣೆ, ಡೀಸೆಲ್, ಆಯಿಲ್ ಮೂರೂ ಆ ರಬ್ಬರ್‌ಗೆ ವಿಷ.

ಹೊಸದನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದೆವು. ಲಾರಿ ಟೈರ್ ಕತ್ತರಿಸಿ ಹಾಕೋಣ ಅಂತ ಪಕ್ಕದ ಮನೆ ಹುಡುಗ ಅಂದಿದ್ದ, ದೊಡ್ಡಪ್ಪ ಬೈದರು. ಬ್ಯಾಟರಿ ವೈರ್ ಬಿಚ್ಚಿ, ಸಂಪ್ ಕೆಳಗೆ ಹಲಗೆ ಕೊಟ್ಟು ಜಾಕ್ ಏರಿಸಿದೆವು. ಹಲಗೆ ಇಲ್ಲದಿದ್ದರೆ ಸಂಪ್ ತಗ್ಗು ಬೀಳುತ್ತದೆ. ಎಂಜಿನ್ ಭಾರ ಹಗುರಾಗುವಷ್ಟು ಎತ್ತಿದರೆ ಸಾಕು, ಹೆಚ್ಚಾದರೆ ಫ್ಯಾನ್ ರೇಡಿಯೇಟರ್‌ಗೆ ತಾಗುತ್ತದೆ, ಹೋಸ್ ಪೈಪ್ ಎಳೆಯುತ್ತದೆ. ಒಂದು ಪಕ್ಕ ಮುಗಿಸಿ ಇನ್ನೊಂದು ಪಕ್ಕ, ಎರಡೂ ಒಟ್ಟಿಗೆ ಬಿಚ್ಚಬಾರದು. ಜಾಕ್ ನಂಬಿ ಯಾರೂ ಕೆಳಗೆ ಮಲಗಬಾರದು. ಬೋಲ್ಟ್‌ಗಳನ್ನು ಮೊದಲು ಅರ್ಧ ಬಿಗಿದು, ಎಂಜಿನ್ ತನ್ನ ಭಾರಕ್ಕೆ ಕೂತ ಮೇಲೆ ಪೂರ್ತಿ ಬಿಗಿದೆವು. ಆಯಿಲ್ ಸೋರಿಕೆಗೂ ಅವತ್ತೇ ಹೊಸ ಪ್ಯಾಕಿಂಗ್ ಹಾಕಿದೆವು, ಇಲ್ಲದಿದ್ದರೆ ಹೊಸ ರಬ್ಬರಿಗೂ ಅದೇ ಗತಿ.

ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. ನಮ್ಮದು ಅದರ ಮರುವಾರವಲ್ಲ, ಈ ವಾರ ಬೇಲೂರಿಗೆ ಹೋಗಿ ಬಂತು. ದೇವಸ್ಥಾನದ ಅಂಗಳದಲ್ಲಿ ಬರೀ ತನ್ನ ಭಾರದ ಮೇಲೆ ನಿಂತ ಕಲ್ಲುಕಂಬದ ಬುಡಕ್ಕೆ ಜನ ಎಂದಿನಂತೆ ಕಾಗದ ತೂರಿಸಿ ನೋಡುತ್ತಿದ್ದರು. "ಅದಕ್ಕೆ ಫೌಂಡೇಷನ್ ಬೇಡ, ನಮ್ಮದಕ್ಕೆ ಬೇಕು" ಅಂದರು ದೊಡ್ಡಪ್ಪ.

ಹಳೇ ರಬ್ಬರ್ ಎರಡನ್ನೂ ಅವರು ಎಸೆದಿಲ್ಲ. ಮುಂದಿನ ಸಲ ಅಂಗಡಿಯವನಿಗೆ ಅಳತೆ ತೋರಿಸಲು ಡಿಕ್ಕಿಯಲ್ಲಿ ಸುತ್ತಿಟ್ಟಿದ್ದಾರೆ.