ನೇತ್ರಾಣಿಯ ಒಡೆಯರು

ಮುರ್ಡೇಶ್ವರದ ತಡಿಯಿಂದ ಸುಮಾರು 19 ಕಿಲೋಮೀಟರ್ ದೂರ ಕಡಲೊಳಗೆ ನೇತ್ರಾಣಿ ಎಂಬ ನಡುಗಡ್ಡೆಯುಂಟು. ಆಂಗ್ಲರು ತಮ್ಮ ನಕಾಶೆಗಳಲ್ಲಿ ಅದನ್ನು 'ಪಿಜನ್ ಐಲೆಂಡ್' ಎಂದು ಬರೆದರು. ಪಾರಿವಾಳಗಳೇನೋ ಇದ್ದವು; ಆದರೆ ದ್ವೀಪದ ನಿಜವಾದ ಒಡೆಯರು ಬೇರೆ. ಎತ್ತರದ ಮರಗಳಲ್ಲಿ ಬಿಳಿಹೊಟ್ಟೆಯ ಕಡಲಹದ್ದು ಕಡ್ಡಿಗಳ ಹೆಗ್ಗೂಡು ಕಟ್ಟುತ್ತದೆ. ಗವಿಗಳ ಗೋಡೆಗೆ ಬಾನಾಡಿ ಎಂಬ ಪುಟ್ಟ ಹಕ್ಕಿ ತನ್ನ ಜೊಲ್ಲಿನಿಂದಲೇ ಗೂಡು ಅಂಟಿಸುತ್ತದೆ.

ಈ ಹಕ್ಕಿಗಳ ಇತಿಹಾಸ ಬರೆದಿಟ್ಟವರಲ್ಲೊಬ್ಬ, ಮದರಾಸು ಸೈನ್ಯದ ವೈದ್ಯ ಟಿ. ಸಿ. ಜೆರ್ಡನ್. 1862ರಲ್ಲಿ ಮೊದಲ ಸಂಪುಟ ಹೊರಬಂದ ಅವನ ಭಾರತದ ಹಕ್ಕಿಗಳ ಗ್ರಂಥದಲ್ಲಿ ಈ ಹದ್ದುಗಳ ವಸತಿಯ ಮಾತಿದೆ. ಮರಗಳ ಕೆಳಗೆ ನೆಲವೆಲ್ಲ ಕಡಲಹಾವುಗಳ ಎಲುಬುಗಳಂತೆ! ರಾಜರ ವಂಶಾವಳಿ ಓದಿ ಬೇಸತ್ತ ನನಗೆ ಆ ಎಲುಬುಗಳೇ ಉತ್ತಮ ಶಾಸನವಾಗಿ ಕಂಡವು. 1875ರಲ್ಲಿ ಲಕ್ಷದ್ವೀಪದ ಪ್ರವಾಸದಲ್ಲಿ ಎ. ಓ. ಹ್ಯೂಮ್ ಕೂಡ ಇಲ್ಲಿಗೆ ಬಂದ. ಹತ್ತು ವರ್ಷಗಳ ಮೇಲೆ, ಕಾಂಗ್ರೆಸ್ಸಿನ ಸ್ಥಾಪನೆಯಾದ 1885ರಲ್ಲಿಯೇ, ಅವನು ತನ್ನ ಅಪಾರ ಹಕ್ಕಿಚರ್ಮಗಳ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟ. ಆಗಿನ ಪಕ್ಷಿಪ್ರೇಮಕ್ಕೆ ಕೋವಿಯೇ ದುರ್ಬೀನು.

ಬಾನಾಡಿಯ ಗೂಡಿಗೆ ಬೇರೊಂದು ಗಂಡಾಂತರ. ಚೀನದ ಸಿರಿವಂತರ ಸಾರಿಗೆ ಅದು ಬೇಕು. ಮೊಟ್ಟೆಯಿಡುವ ಮೊದಲೇ ಕಿತ್ತರೆ ಹಕ್ಕಿ ಮತ್ತೆ ಜೊಲ್ಲು ಸುರಿಸಿ ಕಟ್ಟಬೇಕು. ಉತ್ತರದ ವೆಂಗುರ್ಲೆಯ ಬಂಡೆಗಳಲ್ಲಿ ಈ ಕಳ್ಳವ್ಯಾಪಾರ ಈ ಶತಮಾನದಾರಂಭದಲ್ಲಿಯೂ ಬಯಲಿಗೆ ಬಂದಿತು. ನೇತ್ರಾಣಿಗೋ, ನಮ್ಮದೇ ನೌಕಾಪಡೆಯ ಗುರಿಯಭ್ಯಾಸದ ಗುಂಡುಗಳು ಬಿದ್ದವು. ಸಿಡಿಯದೆ ಉಳಿದವೂ ಸಿಕ್ಕಿವೆ. ದೇಶರಕ್ಷಣೆಗೆ ಗುರಿ ಬೇಕು, ಒಪ್ಪಿದೆ. ಗೂಡಿರುವ ಬಂಡೆಯೇ ಆಗಬೇಕೆ?

ಅಗಡಿಯಂಥ ಜೋಳ-ಹತ್ತಿಯ ಸೀಮೆಯವರಿಗೆ ಈ ಕಡಲು ತೀರ ಪರದೇಶವಲ್ಲ. ಹಾವೇರಿ, ಹಾನಗಲ್ಲು, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟೆ. ಅಲ್ಲಿಂದ ದಕ್ಷಿಣಕ್ಕೆ ಮುರ್ಡೇಶ್ವರ. ಮಳೆಗಾಲದಲ್ಲಿ ದೋಣಿಯಿಲ್ಲ; ಹದ್ದು ಗೂಡಿಗೆ ಕೂರುವುದು ಚಳಿಗಾಲದಲ್ಲಾದ್ದರಿಂದ ನಾನೂ ಆಗಲೇ ಹೋದೆ. ಜೊತೆಯವರೆಲ್ಲ ನೀರಿನೊಳಗೆ ಮುಳುಗಿ ಬಣ್ಣದ ಮೀನು ನೋಡಲು ಬಂದ ತರುಣರು. ದ್ವೀಪದ ಮೇಲೆ ಕಾಲಿಡುವಂತಿಲ್ಲ. "ಮೇಲೆ ನೋಡಿ ಮಾಸ್ತರೆ" ಎಂದು ದೋಣಿಯವನು ಯಂತ್ರ ನಿಲ್ಲಿಸಿದ. ಬಂಡೆಯ ನೆತ್ತಿಯಲ್ಲಿ ಒಣಮರ, ಅದರ ಕವಲಿನಲ್ಲಿ ಕಡ್ಡಿಯ ರಾಶಿ. ಹದ್ದೊಂದು ನಮ್ಮ ಮೇಲೆ ಸುತ್ತು ಹಾಕಿ, ಗೂಡಿನತ್ತ ಇಳಿಯದೆ, ದೂರದ ಬಂಡೆಯ ಮೇಲೆ ಕುಳಿತಿತು. "ನಾವಿರುವ ತನಕ ಅದು ಇಳಿಯೂದಿಲ್ಲ" ಎಂದ ಅವನು, ದೋಣಿಯನ್ನು ಹಿಂದಕ್ಕೆ ಸರಿಸಿದ.