ಏರಿಳಿತ ಕಾಯ್ದವರು

ದನಿಯ ಏರಿಳಿತವನ್ನು ಅಂಕೆಯಲ್ಲಿಡುವ ಕಂಪ್ರೆಸರ್ ಎಂಬ ಯಂತ್ರ ಹುಟ್ಟುವುದಕ್ಕೆ ಎಷ್ಟೋ ಮೊದಲು ಅದರ ಕೆಲಸವನ್ನು ಮನುಷ್ಯರೇ ಮಾಡುತ್ತಿದ್ದರು. 1902ರ ನವೆಂಬರಿನಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನ ಮುದ್ರಿಸಿಕೊಂಡಾಗ ಅಲ್ಲಿ ಮೈಕ್ ಇರಲಿಲ್ಲ. ಹಾಡುವವರ ಮುಂದೆ ದೊಡ್ಡದೊಂದು ತುತ್ತೂರಿ, ಅದರ ಇನ್ನೊಂದು ತುದಿಗೆ ತೆಳುವಾದ ಪೊರೆ, ಪೊರೆಗೆ ಜೋಡಿಸಿದ ಸೂಜಿ, ಸೂಜಿಯ ಕೆಳಗೆ ತಿರುಗುವ ಮೇಣದ ತಟ್ಟೆ. ದನಿ ತೀರ ಮೆತ್ತಗಾದರೆ ತಟ್ಟೆಯ ಗರಗರದಲ್ಲಿ ಮುಳುಗುತ್ತಿತ್ತು, ತೀರ ಜೋರಾದರೆ ಗೆರೆ ಕೆಟ್ಟು ದನಿ ಒಡೆಯುತ್ತಿತ್ತು. ಆ ಕಾಲದ ಮುದ್ರಣದ ಕೋಣೆಗಳಲ್ಲಿ ಏರು ಸ್ವರ ಬಂದಾಗ ಗಾಯಕರನ್ನು ತುತ್ತೂರಿಯಿಂದ ಹಿಂದಕ್ಕೆ ಸರಿಸುವುದು, ಮೆಲುದನಿಗೆ ಮುಂದಕ್ಕೆ ಕರೆಯುವುದು ರೂಢಿಯಾಗಿತ್ತು. ಹೀಗೆ ತುತ್ತೂರಿಗೆ ಹಾಡಿ ದೇಶಕ್ಕೆಲ್ಲ ಪರಿಚಿತರಾದ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದರು. 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

ನಾನು ಧಾರವಾಡದಲ್ಲಿ ಸಣ್ಣದೊಂದು ಧ್ವನಿಮುದ್ರಣದ ಕೋಣೆ ನಡೆಸುತ್ತೇನೆ. ಖ್ಯಾಲು, ದಾಸರ ಪದ, ತತ್ವಪದ, ಭಜನೆಯ ಮೇಳ, ಹೀಗೆ ಈ ಊರಿನ ಮತ್ತು ಸುತ್ತಲಿನ ಹಳ್ಳಿಗಳ ಹಾಡೇ ನನ್ನ ಕೆಲಸ. ನನಗೆ ಮಿಕ್ಸಿಂಗ್, ಅಂದರೆ ಮುದ್ರಿಸಿದ ದನಿಗಳನ್ನು ಹದವಾಗಿ ಬೆರೆಸುವ ವಿದ್ಯೆ, ಕಲಿಸಿದವರಲ್ಲಿ ಒಬ್ಬರನ್ನೂ ನಾನು ಮುಖತಃ ಕಂಡಿಲ್ಲ. ಎಲ್ಲರೂ ಅಂತರ್ಜಾಲದ ವಿಡಿಯೋಗಳಲ್ಲಿ ಕಂಡ ಗುರುಗಳು. ಯಾವ ಗುಂಡಿ ಏನು ಮಾಡುತ್ತದೆ ಎಂಬುದನ್ನು ಅವರಿಂದ ಕಲಿತೆ. ಆ ಗುಂಡಿ ಯಾವ ಕಷ್ಟಕ್ಕೆ ಪರಿಹಾರವಾಗಿ ಹುಟ್ಟಿತು ಎಂಬುದನ್ನು ಚರಿತ್ರೆ ಓದಿ ಕಲಿತೆ. ಈ ಎರಡನೆಯ ಪಾಠವಿಲ್ಲದೆ ಮೊದಲನೆಯದು ನಮ್ಮ ಸಂಗೀತಕ್ಕೆ ಒದಗಿಬರುವುದಿಲ್ಲ. ಅದನ್ನು ಹೇಳುವುದಕ್ಕೇ ಈ ಬರಹ.

1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಂತು. ಮೈಕ್ ಬಂದ ಮೇಲೆ ಗಾಯಕರನ್ನು ಹಿಂದೆ ಮುಂದೆ ಸರಿಸುವ ಕೆಲಸ ತಪ್ಪಿತು, ಮುದ್ರಿಸುವವರ ಕೈ ಗುಂಡಿಯ ಮೇಲೆ ಬಂತು. ರೇಡಿಯೋದಲ್ಲಿ ಈ ಕೆಲಸ ಇನ್ನಷ್ಟು ಬಿಗಿ. ಪ್ರಸಾರದ ಅಲೆಯ ಮೇಲೆ ದನಿಯನ್ನು ಹೇರುವುದಕ್ಕೆ ಒಂದು ಮಿತಿಯಿದೆ. ನೂರಕ್ಕೆ ನೂರು ದಾಟಿದರೆ ದನಿ ಒಡೆದು ಪಕ್ಕದ ಕೇಂದ್ರದ ಜಾಗಕ್ಕೂ ಚೆಲ್ಲುತ್ತದೆ. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವ್ಯಾಟ್‌ನ ಪ್ರೇಷಕ ಇಟ್ಟುಕೊಂಡು ‘ಆಕಾಶವಾಣಿ’ ಎಂಬ ಕೇಂದ್ರವನ್ನು ಆರಂಭಿಸಿದರು. ಅಂಥ ಪುಟ್ಟ ಕೇಂದ್ರಕ್ಕೂ ಲಂಡನ್ನಿನ ದೊಡ್ಡ ಕೇಂದ್ರಕ್ಕೂ ಭೌತಶಾಸ್ತ್ರದ ಕಟ್ಟಳೆ ಒಂದೇ. ಮೀಟರಿನ ಮುಳ್ಳಿನ ಮೇಲೆ ಕಣ್ಣು, ಗುಂಡಿಯ ಮೇಲೆ ಕೈ, ಮುಂದೆ ಬರುವ ಸ್ವರದ ಮೇಲೆ ಕಿವಿ ಇಟ್ಟು ಕೂರಬೇಕು.

ಕೈಗಿಂತ ಚುರುಕಾದ ಯಂತ್ರ ಬೇಕಾದದ್ದು ಈ ಕಾರಣಕ್ಕೆ. 1937ರಲ್ಲಿ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ 110 ಎಂಬ ಲಿಮಿಟರ್ ತಂದಿತು. ದನಿ ಗಡಿ ದಾಟಿದೊಡನೆ ಅದು ತಾನಾಗಿ ಮಟ್ಟ ಇಳಿಸುತ್ತಿತ್ತು. ಇಂದು ನಾವು ಬಳಸುವ ಎಲ್ಲ ಕಂಪ್ರೆಸರ್‌ಗಳಲ್ಲೂ ಇದೇ ತತ್ವವಿದೆ. ಗಡಿಗೆ ಥ್ರೆಶೋಲ್ಡ್ ಎನ್ನುತ್ತೇವೆ. ಗಡಿ ದಾಟಿದ್ದನ್ನು ಎಷ್ಟು ಕುಗ್ಗಿಸಬೇಕು ಎಂಬುದು ರೇಶಿಯೋ. 4:1 ಎಂದು ಇಟ್ಟರೆ ಗಡಿಯ ಆಚೆ 4 ಡೆಸಿಬೆಲ್ ಏರಿದ ದನಿ ಹೊರಗೆ ಬರುವಾಗ 1 ಡೆಸಿಬೆಲ್ ಮಾತ್ರ ಏರಿರುತ್ತದೆ. ಎಷ್ಟು ಬೇಗ ಹಿಡಿಯಬೇಕು ಎಂಬುದು ಅಟ್ಯಾಕ್, ಎಷ್ಟು ಬೇಗ ಬಿಡಬೇಕು ಎಂಬುದು ರಿಲೀಸ್. ಹಾಡಿನ ಫೈಲನ್ನು ಚಿಕ್ಕದು ಮಾಡಿ ಎಂಪಿ3 ಮಾಡುವುದಕ್ಕೂ ಕಂಪ್ರೆಶನ್ ಎನ್ನುತ್ತಾರೆ, ಆದರೆ ಆ ಕೆಲಸವೇ ಬೇರೆ. ನಾನು ಹೇಳುತ್ತಿರುವುದು ದನಿಯ ಏರಿಳಿತವನ್ನು ಅಂಕೆಯಲ್ಲಿಡುವ ವಿದ್ಯೆಯ ಮಾತು.

ಮುಂದಿನ ಮೂರು ದಶಕಗಳಲ್ಲಿ ಬಂದ ಮೂರು ಯಂತ್ರಗಳನ್ನು ಈಗಿನ ಪ್ರತಿಯೊಂದು ಟ್ಯುಟೋರಿಯಲ್ಲೂ ಹೆಸರಿಸುತ್ತದೆ. ಮೊದಲನೆಯದು 1959ರ ಸುಮಾರಿನ ಫೇರ್‌ಚೈಲ್ಡ್ 670. ಎಸ್ಟೋನಿಯಾ ಮೂಲದ ರೈನ್ ನಾರ್ಮಾ ಅದನ್ನು ರೂಪಿಸಿದರು. 20 ವ್ಯಾಕ್ಯೂಮ್ ಟ್ಯೂಬು, 11 ಟ್ರಾನ್ಸ್‌ಫಾರ್ಮರು, ತೂಕ ಸುಮಾರು 30 ಕಿಲೋ. ಅದು ಹುಟ್ಟಿದ್ದು ಗ್ರಾಮೋಫೋನ್ ತಟ್ಟೆ ಕೊರೆಯುವ ಕೆಲಸಕ್ಕೆ, ಸೂಜಿ ಪಕ್ಕದ ಗೆರೆಗೆ ನುಗ್ಗದಂತೆ ಕಾಯುವುದಕ್ಕೆ.

ಎರಡನೆಯದು 1960ರ ದಶಕದ ಎಲ್‌ಎ-2ಎ. ಕ್ಯಾಲಿಫೋರ್ನಿಯಾದ ಜಿಮ್ ಲಾರೆನ್ಸ್ ರೇಡಿಯೋ ಕೇಂದ್ರದಲ್ಲಿ ದುಡಿದವರು. ಹೊತ್ತೆಲ್ಲ ಗುಂಡಿ ಹಿಡಿದು ಕೂರುವ ಕೆಲಸದ ದಣಿವು ಅವರಿಗೆ ಗೊತ್ತಿತ್ತು. ಅವರ ಯಂತ್ರದೊಳಗೆ ದನಿ ಏರಿದಂತೆ ಬೆಳಗುವ ಒಂದು ಪಟ್ಟಿ ಇದೆ, ಅದರ ಎದುರಿಗೆ ಬೆಳಕಿಗೆ ಸ್ಪಂದಿಸುವ ಕೋಶ. ದನಿ ಜೋರಾದರೆ ಪಟ್ಟಿ ಹೆಚ್ಚು ಬೆಳಗುತ್ತದೆ, ಕೋಶ ಮಟ್ಟ ತಗ್ಗಿಸುತ್ತದೆ. ದನಿ ಇಳಿದಾಗ ಕೋಶ ಅರ್ಧದಷ್ಟು ಹಿಡಿತವನ್ನು ತಟ್ಟನೆ ಬಿಟ್ಟು, ಉಳಿದರ್ಧವನ್ನು ಕೆಲವು ಸೆಕೆಂಡು ತೆಗೆದುಕೊಂಡು ನಿಧಾನ ಬಿಡುತ್ತದೆ. ಎಷ್ಟು ಹೊತ್ತು, ಎಷ್ಟು ಜೋರಾಗಿ ಹಾಡಿದ್ದರು ಎಂಬುದರ ಮೇಲೆ ಈ ಬಿಡುವಿನ ವೇಗ ಬದಲಾಗುತ್ತದೆ. ಬಳಸುವವರ ಕೈಗೆ ಅದು ಕೊಡುವುದು ಮುಖ್ಯವಾಗಿ ಎರಡೇ ಗುಂಡಿ.

ಮೂರನೆಯದು ಬಿಲ್ ಪುಟ್ನಮ್ ಅವರ 1176. 1960ರ ದಶಕದ ಕೊನೆಗೆ ಟ್ಯೂಬಿನ ಜಾಗಕ್ಕೆ ಟ್ರಾನ್ಸಿಸ್ಟರ್ ಬಂದಾಗ ಹುಟ್ಟಿದ್ದು. ಅದರ ಅಟ್ಯಾಕ್ 20 ಮೈಕ್ರೋಸೆಕೆಂಡಿನಷ್ಟು ಚುರುಕು. ಡ್ರಮ್ಮಿನ ಏಟು ಕಿವಿಗೆ ಏಟು ಎನ್ನಿಸುವ ಮೊದಲೇ ಅದನ್ನು ಹಿಡಿದಿರುತ್ತದೆ.

ಈ ಯಂತ್ರಗಳು ಇದ್ದ ಕೋಣೆಗಳಿಗೆ ಎಲ್ಲರಿಗೂ ಪ್ರವೇಶವಿರಲಿಲ್ಲ, ಹಾಗಾಗಿ ವಿದ್ಯೆಯೂ ಆ ಕೋಣೆಗಳಲ್ಲೇ ಉಳಿಯಿತು. ಲಂಡನ್ನಿನ ಆ್ಯಬಿ ರೋಡಿನಲ್ಲಿ 1931ರಲ್ಲಿ ತೆರೆದ ಇಎಂಐ ಸ್ಟುಡಿಯೋದಲ್ಲಿ ಹುಡುಗರು ಮೊದಲು ಟೇಪು ಓಡಿಸುವ ಸಹಾಯಕರಾಗುತ್ತಿದ್ದರು, ಆಮೇಲೆ ತಟ್ಟೆ ಕೊರೆಯುವ ಕೋಣೆಗೆ ಹೋಗುತ್ತಿದ್ದರು, ಅದಾದ ಮೇಲೆ ಮಿಕ್ಸರಿನ ಮುಂದೆ ಕೂರುವ ಅವಕಾಶ. 1962ರಲ್ಲಿ ಹದಿಹರೆಯದಲ್ಲಿ ಅಲ್ಲಿಗೆ ಸೇರಿದ ಜೆಫ್ ಎಮೆರಿಕ್ 1966ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಬೀಟಲ್ಸ್ ತಂಡದ ಮುಖ್ಯ ಇಂಜಿನಿಯರ್ ಆದರು. ಡ್ರಮ್ಮಿಗೆ ಮೈಕನ್ನು ಸಂಸ್ಥೆಯ ನಿಯಮಕ್ಕಿಂತ ಹತ್ತಿರ ತಂದು, ಫೇರ್‌ಚೈಲ್ಡ್ ಲಿಮಿಟರಿನಲ್ಲಿ ಬಲವಾಗಿ ಒತ್ತಿ ಹೊಸದೊಂದು ನಾದ ತೆಗೆದರು. ರಕ್ಷಣೆಗೆಂದು ಮಾಡಿದ ಯಂತ್ರವೊಂದು ವಾದ್ಯದ ಬಣ್ಣ ಬದಲಿಸುವ ಸಾಧನವಾದ ಗಳಿಗೆಗಳಲ್ಲಿ ಅದೂ ಒಂದು. ಇಂದು ಪಾಪ್ ಸಂಗೀತದ ಪಾಠಗಳಲ್ಲಿ ಕೇಳುವ ಡ್ರಮ್ ಕಂಪ್ರೆಶನ್ನಿನ ರುಚಿ ಬೆಳೆದದ್ದು ಅಂಥ ಕೋಣೆಗಳಲ್ಲಿ.

ಶಾಲೆಗಳೂ ಇದ್ದವು. ಜರ್ಮನಿಯ ಡೆಟ್ಮೋಲ್ಡ್‌ನಲ್ಲಿ 1949ರಲ್ಲಿ ಎರಿಕ್ ಟೀನ್‌ಹೌಸ್ ಅವರು ಸಂಗೀತವನ್ನೂ ಧ್ವನಿಶಾಸ್ತ್ರವನ್ನೂ ಒಟ್ಟಿಗೆ ಕಲಿಸುವ ತರಬೇತಿ ಕಟ್ಟಿದರು. ನಮ್ಮ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣ ಮತ್ತು ಧ್ವನಿಯ ಪಾಠ ಶುರುವಾಗಿತ್ತು. ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು ಕಲಿತದ್ದು ಅಲ್ಲಿ. ಆದರೆ ದಶಕಗಳ ಕಾಲ ಕನ್ನಡ ಚಿತ್ರಗೀತೆಗಳು ಹೆಚ್ಚಾಗಿ ಮುದ್ರಣಗೊಂಡದ್ದು ಮದರಾಸಿನ ರೆಕಾರ್ಡಿಂಗ್ ಥಿಯೇಟರುಗಳಲ್ಲಿ. ಗಾಯಕರೂ ವಾದ್ಯವೃಂದವೂ ಒಟ್ಟಿಗೆ ನಿಂತು ಹಾಡಿ ನುಡಿಸುತ್ತಿದ್ದರು, ಇಂಜಿನಿಯರ್ ಆ ಕ್ಷಣದಲ್ಲೇ ಸಮತೋಲ ಕಟ್ಟಬೇಕಿತ್ತು. ಆ ಕಿವಿ ಇಂಜಿನಿಯರಿನಿಂದ ಸಹಾಯಕನಿಗೆ, ಸಹಾಯಕನಿಂದ ಇನ್ನೊಬ್ಬ ಸಹಾಯಕನಿಗೆ ದಾಟಿತು. ಅದು ಪುಸ್ತಕಕ್ಕೆ ಇಳಿದದ್ದು ಬಹಳ ಕಡಿಮೆ. 1980ರ ದಶಕದಲ್ಲಿ ನಾಗ್ ಸೋದರರ ಸಂಕೇತ್ ಸ್ಟುಡಿಯೋದಂಥ ಜಾಗಗಳು ಬೆಂಗಳೂರಿನಲ್ಲೇ ಬಂದವು, ಕ್ಯಾಸೆಟ್ಟಿನ ಕಾಲದಲ್ಲಿ ಭಾವಗೀತೆ, ಭಕ್ತಿಗೀತೆಗಳ ಮುದ್ರಣ ಹೆಚ್ಚಿತು. ಆದರೂ ಧಾರವಾಡದಂಥ ಊರಿನವರಿಗೆ ಆ ಕೋಣೆಗಳು ದೂರವೇ ಆಗಿದ್ದವು.

ಕೋಣೆಯ ಬಾಗಿಲು ತೆರೆದದ್ದು ಕಂಪ್ಯೂಟರ್. 1991ರಲ್ಲಿ ಪ್ರೊ ಟೂಲ್ಸ್ ಎಂಬ ಧ್ವನಿಮುದ್ರಣದ ಸಾಫ್ಟ್‌ವೇರ್ ಬಂತು, 1994ರಲ್ಲಿ ಇಸ್ರೇಲಿನ ವೇವ್ಸ್ ಕಂಪನಿಯ ಎಲ್1 ಎಂಬ ಲಿಮಿಟರ್, 1996ರಲ್ಲಿ ಇಂಥ ಸಾಫ್ಟ್‌ವೇರ್ ಯಂತ್ರಗಳನ್ನು ಜೋಡಿಸಿಕೊಳ್ಳುವ ಸ್ಟೈನ್‌ಬರ್ಗ್‌ನ ವಿಎಸ್‌ಟಿ ವ್ಯವಸ್ಥೆ. ಮೂವತ್ತು ಕಿಲೋದ ಯಂತ್ರದ ನಡವಳಿಕೆಯನ್ನು ಸಾಫ್ಟ್‌ವೇರಿನಲ್ಲಿ ಬರೆದು ಯಾರ ಕಂಪ್ಯೂಟರಿಗಾದರೂ ಹಾಕಿಕೊಳ್ಳುವಂತಾಯಿತು. ಎಲ್1 ಮುಂಬರುವ ದನಿಯನ್ನು ಕ್ಷಣ ಮೊದಲೇ ನೋಡಿ ಅಂಕೆಗೆ ತರಬಲ್ಲದು. ಅದರಿಂದ ಸಿ.ಡಿ.ಗಳ ಸರಾಸರಿ ಮಟ್ಟವನ್ನು ಮೇಲಕ್ಕೇರಿಸುವ ಪೈಪೋಟಿಗೆ ಇಂಬು ಸಿಕ್ಕಿತು. ಒಬ್ಬರಿಗಿಂತ ಒಬ್ಬರು ಜೋರು. 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಂ ಬಂದಾಗ ಅದರ ದನಿ ಒಡೆದಿದೆ ಎಂದು ಅಭಿಮಾನಿಗಳೇ ದೂರಿದರು. 2010ರಲ್ಲಿ ಯುರೋಪಿನ ಪ್ರಸಾರ ಒಕ್ಕೂಟ ದನಿಯ ಸರಾಸರಿ ಮಟ್ಟಕ್ಕೆ ಆರ್128 ಎಂಬ ಮಾನದಂಡ ತಂದಿತು. ಈಗ ಹಾಡು ಕೇಳಿಸುವ ದೊಡ್ಡ ತಾಣಗಳೂ ಜೋರಾದ ಹಾಡನ್ನು ತಾವೇ ತಗ್ಗಿಸುತ್ತವೆ. ಏರಿಳಿತವನ್ನು ಕೊಂದು ಗಳಿಸುವ ಲಾಭ ಬಹುಮಟ್ಟಿಗೆ ಮುಗಿದಿದೆ. ಖ್ಯಾಲು ಮುದ್ರಿಸುವ ನನ್ನಂಥವನಿಗೆ ಇದು ಬಹಳ ದೊಡ್ಡ ಬಿಡುಗಡೆ.

ನನ್ನ ಗುರುಗಳು ಸಿಕ್ಕಿದ್ದು ಇದೇ ಅವಧಿಯಲ್ಲಿ. 2005ರಲ್ಲಿ ಯೂಟ್ಯೂಬ್ ಶುರುವಾಯಿತು. ವಿನ್ಆ್ಯಂಪ್ ಎಂಬ ಹಾಡು ಕೇಳಿಸುವ ಸಾಫ್ಟ್‌ವೇರ್ ಬರೆದಿದ್ದ ಜಸ್ಟಿನ್ ಫ್ರಾಂಕೆಲ್ ರೀಪರ್ ಎಂಬ ಅಗ್ಗದ, ಗಟ್ಟಿಯಾದ ಧ್ವನಿಮುದ್ರಣದ ಸಾಫ್ಟ್‌ವೇರ್ ಕೊಟ್ಟರು, ಕೆನ್ನಿ ಜೋಯಾ ಅದರ ಒಂದೊಂದು ಕೀಲನ್ನೂ ತಾಳ್ಮೆಯಿಂದ ಬಿಚ್ಚಿ ತೋರಿಸಿದರು. ಹೆಸರಾಂತ ಗಾಯಕರ ಹಾಡು ಮಿಕ್ಸ್ ಮಾಡಿದ ಡೇವ್ ಪೆನ್ಸಾಡೊ 2011ರಿಂದ ವಾರವಾರ ತಮ್ಮ ವಿದ್ಯೆ ಹಂಚತೊಡಗಿದರು. ಬ್ರಿಟನ್ನಿನ ಡ್ಯಾನ್ ವೊರಾಲ್ ಅವರ ಪಾಠ ಕೇಳಿದ ಮೇಲೆ ಅಟ್ಯಾಕ್, ರಿಲೀಸ್ ನನಗೆ ಕಿವಿಯಲ್ಲಿ ಅರ್ಥವಾದವು. ಮೈಕ್ ಸೀನಿಯರ್ ಅವರು ನೂರಾರು ಹಾಡುಗಳ ಬಿಡಿ ಟ್ರ್ಯಾಕುಗಳನ್ನು ಕಲಿಯುವವರಿಗೆಂದು ಉಚಿತವಾಗಿ ಇಟ್ಟಿದ್ದಾರೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ದರ ಕುಸಿದ ಮೇಲೆ ಇಡೀ ಪಾಠವನ್ನು ನಿಲ್ಲಿಸಿ ನಿಲ್ಲಿಸಿ, ಹಿಂದೆ ಹೋಗಿ ಮತ್ತೆ ಕೇಳುವುದು ನಮ್ಮ ಓಣಿಯಲ್ಲೂ ಸಾಧ್ಯವಾಯಿತು. ಹಿಂದೆ ಸಹಾಯಕನಾಗಿ ವರ್ಷಗಟ್ಟಲೆ ಕಾದು ನೋಡಬೇಕಿದ್ದುದನ್ನು ಇವರು ಮುಚ್ಚುಮರೆ ಇಲ್ಲದೆ ಕೊಟ್ಟರು. ಇವರ ಋಣ ನನ್ನ ಮೇಲೆ ದೊಡ್ಡದು.

ಆದರೆ ಅವರು ಕಲಿಸಿದ್ದು ಅವರ ಸಂಗೀತಕ್ಕೆ. ರಿಲೀಸನ್ನು ಹಾಡಿನ ಲಯಕ್ಕೆ ಹೊಂದಿಸಿ ಎನ್ನುತ್ತಾರೆ. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟಿಗೆ ಅರ್ಧ ಸೆಕೆಂಡು, ಅಲ್ಲಿ ಈ ಲೆಕ್ಕ ಸೊಗಸಾಗಿ ಕೂರುತ್ತದೆ. ಕಿರಾಣಾ ಘರಾಣೆಯ ಅತಿವಿಲಂಬಿತ ಏಕತಾಲದಲ್ಲಿ 12 ಮಾತ್ರೆಗಳ ಒಂದು ಆವರ್ತನಕ್ಕೆ ನಿಮಿಷದ ಹತ್ತಿರ ಹಿಡಿಯುತ್ತದೆ, ಒಂದು ಮಾತ್ರೆಗೇ ನಾಲ್ಕೈದು ಸೆಕೆಂಡು. ಅಲ್ಲಿ ಲಯ ಕಂಪ್ರೆಸರಿಗೆ ದಾರಿ ತೋರಿಸುವುದಿಲ್ಲ, ಗಾಯಕರ ಉಸಿರು ತೋರಿಸುತ್ತದೆ. ಇನ್ನು ತಂಬೂರಿ. ಅದು ಹಿಂದೆ ಸದಾ ನುಡಿಯುತ್ತಿರುತ್ತದೆ, ಹಾಡುವವರ ಮೈಕಿಗೂ ಸೇರಿಕೊಳ್ಳುತ್ತದೆ. ಆ ಮೈಕಿಗೆ ಕಂಪ್ರೆಸರ್ ಬಲವಾಗಿ ಹಾಕಿದರೆ, ಗಾಯಕರು ಸ್ವರ ಬಿಟ್ಟು ಉಸಿರೆಳೆದೊಡನೆ ತಂಬೂರಿ ಉಬ್ಬಿ ಮುಂದೆ ಬರುತ್ತದೆ. ಪ್ರತಿ ಆಲಾಪದ ಬಿಡುವಿನಲ್ಲೂ ಹೀಗೆ ಉಬ್ಬಿದರೆ ಷಡ್ಜದ ಮೇಲೆ ನಿಂತ ನೆಮ್ಮದಿಯೇ ಹೋಯಿತು. ತಬಲಾದ ‘ನಾ’ ಪೆಟ್ಟಿಗೆ 1176ರಂಥ ಚುರುಕು ಅಟ್ಯಾಕ್ ಇಟ್ಟರೆ ಬೆರಳು ಕಿನಾರಿಗೆ ತಾಗಿದ ಆ ಹೊಳಪು ಮಾಯ.

ಆಗ ನನ್ನ ನೆರವಿಗೆ ಬಂದದ್ದು ಚರಿತ್ರೆ. ತಟ್ಟೆಯನ್ನು ಕಾಯಲು ಹುಟ್ಟಿದ ಯಂತ್ರ, ಡ್ರಮ್ಮಿಗೆ ಒಗ್ಗಿದ ಯಂತ್ರ, ಮನುಷ್ಯರ ದನಿಯನ್ನು ದಿನವಿಡೀ ಹಿಡಿದು ಕೂರುವವರ ದಣಿವು ಕಳೆಯಲು ಹುಟ್ಟಿದ ಯಂತ್ರ. ಖ್ಯಾಲಿಗೆ ಈ ಕೊನೆಯದೇ ಹತ್ತಿರದ್ದು. ಮೊದಲು ನಾನು ಕಂಪ್ರೆಸರಿಗೆ ಕೈಹಾಕುವುದಿಲ್ಲ. ಇಡೀ ಹಾಡು ಕೇಳುತ್ತ, ತಾರದ ಪಂಚಮಕ್ಕೆ ಏರಿದಲ್ಲಿ ತುಸು ಇಳಿಸಿ, ಮಂದ್ರದ ಕಡೆ ತುಸು ಏರಿಸಿ, ಮಟ್ಟದ ಗೆರೆಯನ್ನು ಕೈಯಿಂದಲೇ ತಿದ್ದುತ್ತೇನೆ. ಅದಾದ ಮೇಲೆ ಎಲ್‌ಎ-2ಎ ಮಾದರಿಯ ಕಂಪ್ರೆಸರನ್ನು ಎರಡು ಮೂರು ಡೆಸಿಬೆಲ್ ಮಾತ್ರ ಹಿಡಿಯುವಂತೆ ಇಡುತ್ತೇನೆ. ಅದರ ನಿಧಾನದ ಬಿಡುವಿಕೆಯಲ್ಲಿ ತಂಬೂರಿ ಉಬ್ಬುವುದಿಲ್ಲ. ತಬಲಾದ ಬಾಯಾ ತೀರ ಗುಮ್ಮೆನ್ನುವ ಕಡೆ ಅಟ್ಯಾಕನ್ನು ಸಡಿಲ ಬಿಟ್ಟು ಪೆಟ್ಟನ್ನು ಮೊದಲು ದಾಟಿಸುತ್ತೇನೆ, ಹಿಂದಿನ ಗುಂಗನ್ನು ಮಾತ್ರ ಹಿಡಿಯುತ್ತೇನೆ. ದೊಡ್ಡ ಕೋಣೆಗಳ ಯಜಮಾನರಿಗೆ ಇದು ಹೊಸದೇನಲ್ಲ. ಅವರು ತಮ್ಮ ಸಹಾಯಕರಿಗೆ ಸಂಖ್ಯೆ ಕೊಡಲಿಲ್ಲ, ಯಾವುದನ್ನು ಕಾಯಬೇಕು ಎಂದು ತೋರಿಸಿದರು. ಟ್ಯುಟೋರಿಯಲ್ಲಿನಿಂದ ಸಂಖ್ಯೆ ಮಾತ್ರ ಎತ್ತಿಕೊಂಡು ಬಂದವರಿಗೆ ದಕ್ಕದೆ ಹೋಗುವುದು ಇದೇ.

ನನ್ನ ಕೋಣೆಗೆ ಕಲಿಯಲು ಬರುವ ಹುಡುಗ ಹುಡುಗಿಯರ ಫೋನಿನಲ್ಲಿ ಪ್ರಪಂಚದ ಎಲ್ಲ ಪಾಠವೂ ಇದೆ. ಅದರಲ್ಲಿ ಇಲ್ಲದಿರುವುದು ಕರಡಿಮಜಲಿಗೆ ಮೈಕ್ ಹೇಗಿಡಬೇಕು, ಏಕತಾರಿಯ ಜೊತೆ ಹಾಡುವ ಅಜ್ಜನ ದನಿಯನ್ನು ಎಷ್ಟು ಕುಗ್ಗಿಸಿದರೆ ಅದು ಅವನ ದನಿಯಾಗಿಯೇ ಉಳಿಯುತ್ತದೆ, ಡೊಳ್ಳಿನ ಮೇಳದಲ್ಲಿ ಲಿಮಿಟರ್ ಎಲ್ಲಿ ನಿಲ್ಲಬೇಕು ಎಂಬುದು. ಇದನ್ನು ಹೊರಗಿನವರು ನಮಗೆ ಕಲಿಸಿಕೊಡಲಾರರು. ಆಕಾಶವಾಣಿಯ ಧಾರವಾಡ, ಬೆಂಗಳೂರು, ಮಂಗಳೂರು ಕೇಂದ್ರಗಳಲ್ಲಿ ದುಡಿದು ನಿವೃತ್ತರಾದವರು, ಮದರಾಸಿನ ಥಿಯೇಟರುಗಳಲ್ಲಿ ಸಹಾಯಕರಾಗಿದ್ದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೂರಿಸಿ, ಕೇಳಿ, ಕನ್ನಡದಲ್ಲೇ ವಿಡಿಯೋ ಮಾಡಿ ಇಡಬೇಕು. ಹಾಡಿದವರ ಒಪ್ಪಿಗೆ ಪಡೆದು ತತ್ವಪದದ ಬಿಡಿ ಟ್ರ್ಯಾಕುಗಳನ್ನು ಕಲಿಯುವವರಿಗೆ ಬಿಟ್ಟುಕೊಡುವ ಕೆಲಸವನ್ನು ನಾನು ಆರಂಭಿಸಿದ್ದೇನೆ. ಪರದೇಶದ ಅಪರಿಚಿತರು ನನಗೆ ಬಿಟ್ಟಿಯಾಗಿ ಕಲಿಸಿದರು. ಅವರಿಗೆ ತಿರುಗಿ ಕೊಡುವುದಕ್ಕೆ ನನ್ನಲ್ಲಿ ಏನೂ ಇಲ್ಲ. ಮುಂದಿನವರಿಗೆ, ನಮ್ಮ ಭಾಷೆಯಲ್ಲಿ, ನಮ್ಮ ವಾದ್ಯಗಳ ಪಾಠವಾಗಿ ಕೊಟ್ಟರೆ ಮಾತ್ರ ಆ ಸಾಲ ತೀರುತ್ತದೆ.